ಕುದುರೆಗಳು ಹತ್ತಿ ಬಂದ ಘಟ್ಟವನ್ನು ಇಳಿಯುವ ಮೊದಲು

ಪತ್ತನಾಜೆ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಮೂಡುಬಿದಿರೆಯ ಒಂದು ಸಣ್ಣ ಹೋಟೆಲಿನಲ್ಲಿ, ಜೂನ್ ತಿಂಗಳ ಒಂದು ಸಂಜೆ, ಹೊರಗೆ ಮಳೆ ಎಡೆಬಿಡದೆ ಸುರಿಯುತ್ತಿದ್ದಾಗ. ಗಂಗಾವತಿಯಿಂದ ಇಷ್ಟು ದೂರ ಬಂದಿದ್ದೇವೆ, ಮಗಳಿಗೆ ಒಂದು ಯಕ್ಷಗಾನ ತೋರಿಸಬೇಕು, ಇವತ್ತು ಈ ಸುತ್ತಿನಲ್ಲಿ ಎಲ್ಲಿ ಆಟವಿದೆ ಎಂದು ನಾನು ಗಲ್ಲೆಯ ಮೇಲೆ ಕುಳಿತಿದ್ದ ಹಿರಿಯರನ್ನು ಕೇಳಿದೆ. ಅವರು ನಮ್ಮ ಮಾತಿನ ಧಾಟಿಯಿಂದಲೇ ಘಟ್ಟದ ಮೇಲಿನವರೆಂದು ತಿಳಿದು, ಬಹಳ ಮೃದುವಾಗಿ, ‘ಪತ್ತನಾಜೆ ಕಳೆಯಿತಲ್ಲ ಅಮ್ಮ, ಇನ್ನು ದೀಪಾವಳಿ ಆಗಬೇಕು’ ಎಂದರು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ 24 ಅಥವಾ 25ರ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಆರಾಧನೆಯ ಕೋಲ ನೇಮಗಳು ನಿಲ್ಲುತ್ತವೆ, ಊರಿಗೆ ಊರೇ ಮಳೆಗೂ ಗದ್ದೆಗೂ ತನ್ನನ್ನು ಒಪ್ಪಿಸಿಕೊಳ್ಳುತ್ತದೆ ಎಂಬುದನ್ನು ಅವರು ವಿವರಿಸಿದರು. ನಾವು ಹೋಗಿದ್ದು ಶಾಲೆಯ ರಜೆ ಮುಗಿಯುವ ಮುನ್ನ ಹೇಗೋ ಹೊಂದಿಸಿಕೊಂಡ ಮೂರು ದಿನದ ಪ್ರವಾಸ. ಆ ಮೂರು ದಿನಗಳಲ್ಲಿ ನಾಲ್ಕು ದೇವಸ್ಥಾನಗಳನ್ನು ನೋಡಿದೆವು, ಕಡಲನ್ನು ಕಾರಿನ ಗಾಜಿನೊಳಗಿಂದ ನೋಡಿದೆವು, ಮರಳಿ ಬಂದೆವು.

ಈ ಸಲ ಹಾಗಾಗಬಾರದೆಂದು ನಾಲ್ಕು ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೊದಲ ಪುಟದಲ್ಲಿ ಊರುಗಳ ಹೆಸರು ಬರೆಯುವ ಬದಲು ತಿಂಗಳುಗಳ ಹೆಸರು ಬರೆದೆ. ಕರಾವಳಿಯಲ್ಲಿ ಯಾವ ತಿಂಗಳಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯದೆ ಅಲ್ಲಿಗೆ ಹೋಗುವುದೆಂದರೆ, ಗವಿಮಠದ ಜಾತ್ರೆ ಮುಗಿದ ಒಂದು ತಿಂಗಳಿಗೆ ಕೊಪ್ಪಳಕ್ಕೆ ಬಂದು ತೇರು ಎಲ್ಲಿ ಎಂದು ಕೇಳಿದಂತೆಯೇ. ಯಕ್ಷಗಾನದ ಮೇಳಗಳು ನವೆಂಬರಿನಿಂದ ಮೇ ತಿಂಗಳವರೆಗೆ ತಿರುಗಾಟದಲ್ಲಿರುತ್ತವೆ. ಕಂಬಳಗಳು ನವೆಂಬರಿನಲ್ಲಿ ಆರಂಭವಾಗಿ ಬಿಸಿಲು ಬಲಿಯುವವರೆಗೆ ನಡೆಯುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಕೆಲಸ ಮಳೆಯ ನೀರೆಲ್ಲ ಹೊರಹೋಗಿ, ಹೊಸ ವರ್ಷ ಹುಟ್ಟಿದ ಮೇಲೆ ಬಿಸಿಲು ಹಿಡಿದಾಗ ಶುರುವಾಗುತ್ತದೆ. ಉಡುಪಿಯ ಮಟ್ಟುವಿನ ಗುಳ್ಳ ಬದನೆ ಪೇಟೆಗೆ ಬರುವುದೂ ಮಳೆಗಾಲ ಕಳೆದ ಮೇಲೆಯೇ. ಘಟ್ಟದ ರಸ್ತೆಗಳು ನಂಬಿಗೆಗೆ ಅರ್ಹವಾಗುವುದೂ ಆಗಲೇ. 2024ರ ಜುಲೈ 16ರಂದು ಅಂಕೋಲಾದ ಹತ್ತಿರ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು, ಚಹದಂಗಡಿಯಲ್ಲಿ ಕುಳಿತಿದ್ದವರನ್ನೂ ನಿಂತಿದ್ದ ಲಾರಿಯನ್ನೂ ಗಂಗಾವಳಿ ನದಿಗೆ ನೂಕಿದ ಸುದ್ದಿಯನ್ನು ದಿನಗಟ್ಟಲೆ ನೋಡಿದವಳಿಗೆ ಮಳೆಗಾಲದ ಆ ದಾರಿಯ ಮೇಲೆ ಮತ್ತೆ ಮನಸ್ಸು ಹೋಗುವುದಿಲ್ಲ. ಇದೆಲ್ಲವನ್ನೂ ಒಂದರ ಪಕ್ಕ ಒಂದು ಬರೆದಾಗ ಜನವರಿಯ ಕೊನೆಯ ವಾರ ಮತ್ತು ಫೆಬ್ರುವರಿಯ ಮೊದಲ ವಾರ ತಾವಾಗಿಯೇ ಎದ್ದು ಕಂಡವು. ನಮ್ಮ ಮನೆಗೂ ಅದು ಅನುಕೂಲದ ಕಾಲ. ಮುಂಗಾರಿನ ಭತ್ತ ಮನೆ ಸೇರಿ ಲೆಕ್ಕ ಮುಗಿದಿರುತ್ತದೆ, ಪುಷ್ಯ ಬಹುಳ ಬಿದಿಗೆಯ ಗವಿಸಿದ್ಧೇಶ್ವರನ ತೇರು ಎಳೆದಾಗಿರುತ್ತದೆ, ನಾನು ಕೆಲಸ ಮಾಡುವ ಶಾಲೆಯಲ್ಲಿ ಗಣರಾಜ್ಯೋತ್ಸವ ಮುಗಿದು ಪರೀಕ್ಷೆಗಳ ಗಡಿಬಿಡಿ ಇನ್ನೂ ಬಂದಿರುವುದಿಲ್ಲ.

ಹೊರಡುವವರು ನಾವು ನಾಲ್ವರು: ಅತ್ತೆ, ನಮ್ಮ ಮನೆಯವರು, ಏಳನೆಯ ತರಗತಿಯ ಮಗಳು, ನಾನು. ಒಂಬತ್ತು ರಾತ್ರಿ, ಹತ್ತು ಹಗಲು. ಅಂಕೋಲಾದಿಂದ ಮಂಗಳೂರಿಗೆ ಕಡಲ ಬದಿಯ ಹೆದ್ದಾರಿಯಲ್ಲಿ ಸುಮಾರು 230 ಕಿಲೋಮೀಟರ್ ಇರುವುದರಿಂದ ಬೇಕೆಂದರೆ ಐದು ಗಂಟೆಗಳಲ್ಲಿ ಮುಗಿಸಬಹುದಾದ ದಾರಿ ಅದು. ಹಾಗೆ ಮುಗಿಸಿದವರನ್ನು ನಾನು ಬಲ್ಲೆ, ನಾವೇ ಒಮ್ಮೆ ಮುಗಿಸಿದ್ದೆವು. ಈ ಸಲ ಕರಾವಳಿಗೆ ಇಳಿದ ಮೇಲೆ ಒಂದು ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದು ಎಂಬ ಒಂದೇ ನಿಯಮವನ್ನು ಮಾಡಿಕೊಂಡಿದ್ದೇವೆ, ಅದಕ್ಕೆ ನಮ್ಮ ಮನೆಯವರೂ ಒಪ್ಪಿದ್ದಾರೆ.

ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವಾಗ ನನಗೆ ನೆರವಾದದ್ದು ಹಂಪಿ. ನಮ್ಮವರು ಹೊಳೆ ದಾಟಿ ಹಂಪಿಗೆ ಎಷ್ಟು ಸಲ ಹೋಗುತ್ತೇವೆ ಎಂಬುದಕ್ಕೆ ಲೆಕ್ಕವಿಲ್ಲ, ಆದರೂ ಹೋದ ವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಹಜಾರರಾಮ ದೇವಾಲಯದ ಹೊರಗೋಡೆಯ ಮುಂದೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಗೋಡೆಯ ಮೇಲೆ ಸಾಲುಸಾಲಾಗಿ ಕುದುರೆಗಳನ್ನು ಕೊರೆದಿದ್ದಾರೆ. ಮಹಾನವಮಿ ದಿಬ್ಬದ ಮೇಲೆ ಗಡ್ಡ ಬಿಟ್ಟ, ಉದ್ದ ಟೊಪ್ಪಿಗೆಯ ಹೊರದೇಶದವರು ಕುದುರೆ ಹಿಡಿದು ನಿಂತಿದ್ದಾರೆ. ‘ಟೀಚರ್, ಈ ಕುದುರೆಗಳು ಎಲ್ಲಿಂದ ಬಂದವು?’ ಎಂದು ಹುಡುಗ ಕೇಳಿದ. ಅರಬಸ್ತಾನದಿಂದ ಎಂದು ಉತ್ತರ ಹೇಳಿದೆ. ಅದು ಅರ್ಧ ಉತ್ತರ. ಅರಬಸ್ತಾನದಿಂದಲೂ ಹೊರ್ಮುಜ್‌ನಿಂದಲೂ ಹಡಗು ಹತ್ತಿದ ಕುದುರೆ ಇಳಿದದ್ದು ಭಟ್ಕಳ, ಹೊನ್ನಾವರ, ಮಂಗಳೂರುಗಳಂಥ ಬಂದರುಗಳಲ್ಲಿ, ಅಲ್ಲಿಂದ ಘಟ್ಟ ಹತ್ತಿ, ಮಲೆನಾಡು ದಾಟಿ, ತುಂಗಭದ್ರೆಯ ದಡಕ್ಕೆ ಬಂದು ನಿಂತದ್ದು. ದಖ್ಖನಿನ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆಯ ತಳಿ ನಿಲ್ಲುತ್ತಿರಲಿಲ್ಲವಾದ್ದರಿಂದ ವಿಜಯನಗರದ ಅರಸರಿಗೆ ಕರಾವಳಿಯ ಮೇಲಿನ ಹಿಡಿತ ಉಸಿರಿನಷ್ಟೇ ಅಗತ್ಯವಾಗಿತ್ತು. ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಆಡಳಿತ ಭಾಗಗಳನ್ನು ಮಾಡಿ ಅಧಿಕಾರಿಗಳನ್ನು ಇರಿಸಿದ್ದರು. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಅಬ್ದುರ್ ರಝಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದದ್ದೂ ಇದೇ ರೀತಿ: ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ, ಮಂಗಳೂರಿನಿಂದ ನೆಲದ ದಾರಿಯಲ್ಲಿ ಹಂಪಿಗೆ.

ಹೀಗೆ ನೋಡಿದರೆ ಕರಾವಳಿ ನಮಗೆ ಪರವೂರಲ್ಲ, ನಮ್ಮ ಹೊಳೆಯ ದಂಡೆಯ ರಾಜಧಾನಿಯ ತಲೆಬಾಗಿಲು ಅದು. ಆದ್ದರಿಂದ ನಮ್ಮ ಸೀಮೆಗೂ ಆ ಸೀಮೆಗೂ ಎಲ್ಲೆಲ್ಲಿ ಎಳೆ ಹೊಂದುತ್ತದೆಯೋ ಅಲ್ಲಲ್ಲಿ ಮಾತ್ರ ನಿಲ್ಲುವುದು, ಉಳಿದ ಪ್ರಸಿದ್ಧ ಸ್ಥಳಗಳನ್ನು ಮನಸ್ಸಿಗೆ ನೋವಿಲ್ಲದೆ ಬಿಟ್ಟು ಮುಂದೆ ಹೋಗುವುದು ಎಂದು ತೀರ್ಮಾನಿಸಿದೆ. ಮುರುಡೇಶ್ವರದ ಎತ್ತರದ ಗೋಪುರ ಈ ಕಾರಣಕ್ಕೆ ಪಟ್ಟಿಯಿಂದ ಹೋಯಿತು. ಸೇಂಟ್ ಮೇರಿ ದ್ವೀಪದ ಕಂಬದಂಥ ಕಲ್ಲುಗಳನ್ನು ನೋಡಬೇಕೆಂದು ಮಗಳಿಗೆ ಬಹಳ ಆಸೆಯಿದ್ದರೂ ಅತ್ತೆಗೆ ದೋಣಿ ಆಗುವುದಿಲ್ಲವಾದ್ದರಿಂದ ಅದನ್ನು ಅಪ್ಪ ಮಗಳ ಅರ್ಧ ದಿನದ ಪಾಲಿಗೆ ಬಿಟ್ಟಿದ್ದೇನೆ.

ಇಳಿಯುವ ದಾರಿಯ ಬಗ್ಗೆ ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಹಿಡಿದು ಅರಬೈಲು ಘಟ್ಟದಲ್ಲಿ ಅಂಕೋಲಾಕ್ಕೆ ಇಳಿಯುವುದು ನಮಗೆಲ್ಲ ಪರಿಚಿತ ದಾರಿ, ಗಂಗಾವತಿಯಿಂದ ಸುಮಾರು 300 ಕಿಲೋಮೀಟರ್. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೇಲೆ ಆಂಧ್ರದ ಗುತ್ತಿ ಊರಿನವರೆಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 63 ಎಂದರೆ ಇದೇ. ಈಗ ಅದರ ತುಂಡುಗಳಿಗೆ ಬೇರೆ ಬೇರೆ ಸಂಖ್ಯೆಗಳು ಬಂದಿವೆ, ಆದರೆ ನಮ್ಮ ಕಡೆಯ ಲಾರಿ ಚಾಲಕರ ಬಾಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದೆ. ಸಂಡೂರು, ಹೊಸಪೇಟೆಗಳ ಕೆಂಪು ಅದಿರು ಬೇಲೆಕೇರಿ, ಕಾರವಾರದ ಬಂದರುಗಳಿಗೆ ಲಾರಿಗಳಲ್ಲಿ ಇಳಿದ ವರ್ಷಗಳಲ್ಲಿ ಆ ರಸ್ತೆಯ ಎರಡೂ ಬದಿಯ ಗಿಡಗಳ ಎಲೆ ಕೆಂಪಾಗಿದ್ದುದನ್ನು ನಾನು ಕಾಲೇಜಿನ ದಿನಗಳಲ್ಲಿ ಕಂಡಿದ್ದೇನೆ. ಕುದುರೆ ಹತ್ತಿ ಬಂದ ಘಟ್ಟಗಳ ಸಾಲಿನಲ್ಲೇ ನಾಲ್ಕುನೂರು ವರ್ಷಗಳ ನಂತರ ನಮ್ಮ ಬೆಟ್ಟ ಇಳಿದು ಹೋಯಿತು ಎಂಬುದು ನೆನಪಾದಾಗ ಈಗಲೂ ಮನಸ್ಸು ಭಾರವಾಗುತ್ತದೆ. ಬೆಳಗ್ಗೆ ಐದಕ್ಕೆ ಮನೆ ಬಿಟ್ಟು, ಹುಬ್ಬಳ್ಳಿ ದಾಟಿದ ಮೇಲೆ ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದು, ಬೆಳಕಿರುವಾಗಲೇ ಘಟ್ಟ ಇಳಿದು ಮುಗಿಸುವುದೆಂದು ಬರೆದುಕೊಂಡಿದ್ದೇನೆ.

ಮೊದಲ ಎರಡು ರಾತ್ರಿ ಗೋಕರ್ಣ. ಅತ್ತೆಗೆ ಕೋಟಿತೀರ್ಥ ಮತ್ತು ಮಹಾಬಲೇಶ್ವರ, ನಮ್ಮ ಮನೆಯವರಿಗೆ ಅಘನಾಶಿನಿ. ಈ ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ಪ್ರಯಾಣದಲ್ಲಿ ನಮ್ಮ ಮನೆಯವರು ತಾವಾಗಿ ಕೇಳಿದ ಒಂದೇ ಜಾಗ ಇದು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಭರತದ ಸಮಯದಲ್ಲಿ ಕಡಲಿನ ಉಪ್ಪುನೀರು ಅಲ್ಲಿಯ ಗದ್ದೆಗಳವರೆಗೆ ಏರಿ ಬರುತ್ತದೆ. ಆ ಗದ್ದೆಗಳಿಗೆ ಗಜನಿ ಎಂದು ಹೆಸರು. ಅಂಥ ಉಪ್ಪಿನ ನೆಲದಲ್ಲಿ ಅಲ್ಲಿಯ ರೈತರು ತಲೆತಲಾಂತರದಿಂದ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತೆಳುವಾಗಿಸಿದಾಗ ಬಿತ್ತನೆ, ಮಳೆ ಮುಗಿದ ಮೇಲೆ ಕೊಯ್ಲು, ಕೊಯ್ಲಾದ ಮೇಲೆ ತೂಬು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟು ಅದೇ ಗದ್ದೆಯಲ್ಲಿ ಸಿಗಡಿ ಮತ್ತು ಮೀನು. ಗೊಬ್ಬರ, ಔಷಧಗಳ ಹಂಗು ಆ ಬೆಳೆಗಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಯಾರಿಗೇ ಆದರೂ ಈ ಮಾತು ಎದೆಗೆ ತಾಗುತ್ತದೆ. 1953ರಲ್ಲಿ ಅಣೆಕಟ್ಟಿನ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಯ ಎರೆಹೊಲಗಳು ಭತ್ತದ ಕಣಜವಾದವು, ನಿಜ. ಅದರ ಜೊತೆಗೇ ನೀರು ಬಸಿಯದೆ ನಿಂತಲ್ಲೆಲ್ಲ ಸವಳು ಜವಳು ಬಂತು. ನಮ್ಮದೇ ಹೊಲದ ಕೆಳಮಗ್ಗುಲಿನ ಒಂದೂವರೆ ಎಕರೆಯಲ್ಲಿ ಬೇಸಿಗೆಯಲ್ಲಿ ಬಿಳಿಯ ಪುಡಿ ಎದ್ದು ನಿಲ್ಲುತ್ತದೆ, ಅಲ್ಲಿ ಏನು ಹಾಕಿದರೂ ಕಾಳು ಕಟ್ಟುವುದಿಲ್ಲ. ಕಡಲಿನ ಉಪ್ಪೂ ನಮ್ಮ ಸವಳೂ ಒಂದೇ ಅಲ್ಲವೆಂಬುದು ನಮಗೆ ಗೊತ್ತು, ಕಗ್ಗದ ಬೀಜ ತಂದು ಇಲ್ಲಿ ಬಿತ್ತಿದರೆ ಬೆಳೆದೀತು ಎಂಬ ಆಸೆಯೂ ನಮಗಿಲ್ಲ. ಆದರೂ ಉಪ್ಪನ್ನು ಶತ್ರುವೆಂದು ತಿಳಿಯದೆ ಅದರೊಡನೆ ವರ್ಷದ ಲೆಕ್ಕ ಹಾಕಿಕೊಂಡು ಬದುಕಿದ ರೈತರೊಡನೆ ಒಂದು ಹೊತ್ತು ಬದುವಿನ ಮೇಲೆ ಕುಳಿತು ಮಾತಾಡಬೇಕು ಎಂದು ಅವರು ಹೇಳಿದಾಗ, ಆ ದಿನದ ಸಾಲಿನಲ್ಲಿ ಬೇರೇನನ್ನೂ ಬರೆಯಬಾರದು ಎಂದು ನಾನು ನಿರ್ಧರಿಸಿದೆ. ಜನವರಿಯ ಹೊತ್ತಿಗೆ ಕಗ್ಗ ಕೊಯ್ದಾಗಿರುತ್ತದೆ, ತೆನೆ ನೋಡಲು ಸಿಗುವುದಿಲ್ಲ. ಗದ್ದೆ ಕಟ್ಟುವ ಬಗೆ, ತೂಬಿನ ಹಲಗೆ, ಮನೆಯಲ್ಲಿ ಉಳಿದ ಕೆಂಪಕ್ಕಿ ನೋಡಲು ಸಿಗುತ್ತವೆ. ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಮಡಿಗಳಲ್ಲಿ ಕೆಲಸ ನಡೆದಿರುವುದನ್ನು ಮಗಳಿಗೆ ತೋರಿಸಬಹುದು. ಅವಳ ಪಠ್ಯಪುಸ್ತಕದಲ್ಲಿ ಆವಿಯಾಗುವಿಕೆ ಎಂದು ಬರುವ ಪಾಠ ಅಲ್ಲಿ ಕಣ್ಣ ಮುಂದೆ ಬಿದ್ದಿರುತ್ತದೆ.

ಮೂರನೆಯ ದಿನ ಕುಮಟಾ ಬಳಿಯ ಮಿರ್ಜಾನಿನ ಕೋಟೆಯನ್ನು ಬೆಳಗಿನ ತಂಪಿನಲ್ಲಿ ನೋಡಿ ಹೊನ್ನಾವರಕ್ಕೆ ಹೋಗುವುದು. ಈ ಕೋಟೆಯನ್ನು ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಕುದುರೆ ತಂದ ಹಡಗುಗಳು ಬರಿದಾಗಿ ಮರಳುತ್ತಿರಲಿಲ್ಲ ಎಂಬುದನ್ನು ಆ ಹೆಸರೇ ಹೇಳುತ್ತದೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಕಲಿಸುವ ಹೊತ್ತಿನಲ್ಲಿ ಹೋಗಿ ಒಂದು ಮೂಲೆಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ ಪತ್ರ ಬರೆದಿದ್ದೇನೆ. ಆ ರಾತ್ರಿ ಹೊನ್ನಾವರ. ಭಟ್ಕಳದಲ್ಲಿ ಮರುದಿನ ಎರಡು ಗಂಟೆಗಳ ಕಾಲ ನಿಲ್ಲುತ್ತೇವೆ. ಖೇತಪೈ ನಾರಾಯಣನ ಗುಡಿಯ ಹೊರಗೋಡೆಯ ಕೆತ್ತನೆ ನೋಡಿ, ಹಳೆಯ ಪೇಟೆಯ ನವಾಯತ ಮುಸ್ಲಿಮರ ಕೇರಿಯ ಅಂಚಿನಲ್ಲಿ ನಡೆದು, ಹಂಪಿಯ ಗೋಡೆಯ ಕುದುರೆಗಳು ಇಳಿದ ಬಂದರು ಇದೆಂದು ಮಗಳಿಗೆ ಹೇಳಿ ಮುಂದೆ ಹೋಗುವುದು.

ನಾಲ್ಕು ಮತ್ತು ಐದನೆಯ ರಾತ್ರಿ ಕುಂದಾಪುರ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ ಇರುವ ಮರವಂತೆಯ ರಸ್ತೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅಲ್ಲಿ ಎಲ್ಲರಂತೆ ನಾವೂ ನಿಲ್ಲುತ್ತೇವೆ. ನಾನು ಕಾಯುತ್ತಿರುವುದು ಉಪ್ಪಿನಕುದ್ರುವಿಗೆ. ಹೊಳೆಯ ನಡುವಿನ ನೆಲವನ್ನು ನಾವು ನಡುಗಡ್ಡೆ ಎನ್ನುತ್ತೇವೆ, ಅವರು ಕುದ್ರು ಎನ್ನುತ್ತಾರೆ. ಆ ಕುದ್ರುವಿನಲ್ಲಿ ಕಾಮತ್ ಮನೆತನದವರು ಆರು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ಉಳಿಸಿಕೊಂಡು ಬಂದಿದ್ದಾರೆ. ಕೊಗ್ಗ ಕಾಮತರ ಕಾಲದಲ್ಲಿ ಅದು ದೇಶ ವಿದೇಶಗಳಿಗೆ ಹೋಯಿತು. ಮರದ ಗೊಂಬೆಗೆ ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ವೇಷ ತೊಡಿಸಿ, ಮೇಲಿನಿಂದ ದಾರಗಳಲ್ಲಿ ಆಡಿಸುತ್ತ, ಭಾಗವತರ ಪದಕ್ಕೆ ಅದರ ಹೆಜ್ಜೆ ಬೀಳುವಂತೆ ಮಾಡುವ ಕಲೆ ಅದು.

ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದಲ್ಲಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಅದೇ ಕಲೆಗೆ ತಮ್ಮ ಬಾಳನ್ನೇ ಕೊಟ್ಟಿದ್ದರು. ನಮ್ಮಲ್ಲಿ ಚರ್ಮದ ಗೊಂಬೆ, ಬಿಳಿಯ ಪರದೆ, ಹಿಂದೆ ದೀಪ, ಕೆಳಗಿನಿಂದ ಕೋಲು. ಅವರಲ್ಲಿ ಮರದ ಗೊಂಬೆ, ಎದುರಿನಿಂದ ಬೆಳಕು, ಮೇಲಿನಿಂದ ದಾರ. ಎರಡೂ ಕಡೆ ರಾಮಾಯಣವೇ, ಮಹಾಭಾರತವೇ. ನನ್ನ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಒಮ್ಮೆ ತೊಗಲು ಗೊಂಬೆಯಾಟ ನೋಡಿ, ಪರದೆಯ ಹಿಂದೆ ಹೋಗಿ, ಗೊಂಬೆಯ ಚರ್ಮವನ್ನು ಮುಟ್ಟಿ, ಅದರ ಮೂಲಕ ದೀಪ ನೋಡಿ ಬೆರಗಾಗಿದ್ದಳು. ಅವಳಿಗೆ ಮರದ ಗೊಂಬೆಯ ಭಾರವೂ ಕೈಗೆ ತಿಳಿಯಬೇಕು. ಬರಿಗೈಯಲ್ಲಿ ಹೋಗಬಾರದೆಂದು ಕಿನ್ನಾಳದ ಚಿತ್ರಗಾರರ ಕೇರಿಯಿಂದ ಒಂದು ಬಣ್ಣದ ಗೊಂಬೆಯನ್ನು ಕೊಂಡು ತಂದಿಟ್ಟಿದ್ದೇನೆ. ಗೊಂಬೆಯ ಮನೆಗೆ ಗೊಂಬೆಯ ಸೀಮೆಯವರು ಒಯ್ಯಬಹುದಾದ ಉಡುಗೊರೆ ಅದಕ್ಕಿಂತ ಬೇರೆ ನನಗೆ ತೋಚಲಿಲ್ಲ.

ಕುಂದಾಪುರದಿಂದ ಉಡುಪಿಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬಾರಕೂರು. ಆಳುಪರ ರಾಜಧಾನಿಯಾಗಿ, ಆಮೇಲೆ ವಿಜಯನಗರದ ಅಧಿಕಾರಿಗಳ ನೆಲೆಯಾಗಿದ್ದ ಊರು ಈಗ ತೆಂಗು ಗದ್ದೆಗಳ ನಡುವೆ ಶಾಂತವಾಗಿದೆ. ಕತ್ತಲೆ ಬಸದಿಯ ಅಂಗಳದಲ್ಲಿ ಒಂದು ತಾಸು ಕುಳಿತುಕೊಳ್ಳುವುದು. ಆನೆಗೊಂದಿಯ ಓಣಿಗಳಲ್ಲಿ ನಡೆದವರಿಗೆ ಅರಸೊತ್ತಿಗೆ ಎದ್ದುಹೋದ ಊರಿನ ಆ ಮೌನದ ಗುರುತು ಬೇಗ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಆರನೆಯ ಮತ್ತು ಏಳನೆಯ ರಾತ್ರಿ ಉಡುಪಿ. ಇದು ಅತ್ತೆಯ ಪಾಲಿನ ಪ್ರಯಾಣ. ಅವರು ಮೂವತ್ತು ವರ್ಷಗಳಿಂದ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ದಾಸರ ಪದಗಳನ್ನು ಹಾಡುತ್ತಿದ್ದಾರೆ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದ ಹಲವು ಸಂಧಿಗಳು ಅವರಿಗೆ ಬಾಯಿಪಾಠ. ಆನೆಗೊಂದಿಯ ನವಬೃಂದಾವನಕ್ಕೆ ವರ್ಷಕ್ಕೆ ಒಮ್ಮೆಯಾದರೂ ದೋಣಿಯಲ್ಲಿ ಹೋಗಿ ವ್ಯಾಸರಾಯರ ಬೃಂದಾವನದ ಮುಂದೆ ಒಂದು ಪದ ಹಾಡಿ ಬರುತ್ತಾರೆ. ಇಷ್ಟಾದರೂ ಉಡುಪಿಯ ಕೃಷ್ಣನನ್ನು ಅವರು ನೋಡಿದ್ದು ಹಿಂದಿನ ಆ ಮಳೆಯ ಪ್ರವಾಸದಲ್ಲಿ ಹದಿನೈದು ನಿಮಿಷ ಮಾತ್ರ, ಅದೂ ಸಾಲಿನ ನೂಕುನುಗ್ಗಲಿನಲ್ಲಿ. ಈ ಸಲ ಎರಡು ಬೆಳಗನ್ನೂ ಒಂದು ಸಂಜೆಯನ್ನೂ ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಅಷ್ಟಮಠಗಳು ಸರದಿಯಂತೆ ಎರಡೆರಡು ವರ್ಷ ಕೃಷ್ಣಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯ, ಸಮ ಸಂಖ್ಯೆಯ ವರ್ಷಗಳ ಜನವರಿ 18ರಂದು ನಡೆಯುತ್ತದೆ. ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಪರ್ಯಾಯದ ದಿನವೇ ಹೋಗೋಣ ಎಂದು ಅತ್ತೆ ಒಮ್ಮೆ ಹೇಳಿದ್ದರು. ಆ ಜನಸಾಗರದಲ್ಲಿ ಅವರ ಮೊಣಕಾಲಿಗೆ ಕಷ್ಟವಾದೀತೆಂದು ನಾನು ತಡೆದೆ. ಸಂಜೆಯ ದೀಪದ ಹೊತ್ತಿನಲ್ಲಿ ಕನಕನ ಕಿಂಡಿಯ ಎದುರು, ಯಾರೂ ಮುಂದಕ್ಕೆ ದೂಡದಂತೆ, ಅವರಿಗೆ ಬೇಕೆನಿಸಿದಷ್ಟು ಹೊತ್ತು ನಿಂತರೆ ಸಾಕು. ಊಟಕ್ಕೆ ಮಟ್ಟುಗುಳ್ಳದ ಹುಳಿ ಸಿಗುವ ಕಾಲ ಅದು. ಆ ಬದನೆಯ ಬೀಜವನ್ನು ಮಟ್ಟುವಿನವರಿಗೆ ಕೊಟ್ಟವರು ವಾದಿರಾಜರೇ ಎಂಬ ಐತಿಹ್ಯವನ್ನು ಅತ್ತೆ ಈಗಾಗಲೇ ಮೊಮ್ಮಗಳಿಗೆ ಹೇಳಿ ಮುಗಿಸಿದ್ದಾರೆ.

ಉಡುಪಿಗೆ ಹತ್ತಿದಂತೆಯೇ ಇರುವ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆಯ ಗ್ರಾಮವಿದೆ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು, ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಭಟ್ಕಳದ ನವಾಯತರ ಮನೆ, ಕರಾವಳಿಯ ಗುತ್ತಿನ ಮನೆಗಳ ನಡುವೆ ನಮ್ಮ ಕುಕನೂರಿನ ಕಮಲ ಮಹಲೂ ಇದೆ. ಮನೆಯಿಂದ ಎರಡು ತಾಸಿನ ದಾರಿಯ ಕುಕನೂರಿನ ಒಂದು ಮನೆಯನ್ನು ಘಟ್ಟ ಇಳಿದು, ಕಡಲ ಗಾಳಿಯಲ್ಲಿ ನಿಂತು ನೋಡಬೇಕಾಗಿ ಬಂದದ್ದಕ್ಕೆ ನೋವೂ ಇದೆ, ಅದು ಎಲ್ಲಿಯಾದರೂ ಉಳಿಯಿತಲ್ಲ ಎಂಬ ಕೃತಜ್ಞತೆಯೂ ಇದೆ. ಅಲ್ಲಿಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು, ತಿಳಿದವರೊಡನೆ ಸುತ್ತುವುದು ಒಳ್ಳೆಯದು.

ಎಂಟನೆಯ ದಿನ ಕಾರ್ಕಳ ಮತ್ತು ಮೂಡುಬಿದಿರೆ. ಕೊಪ್ಪಳದವರಿಗೆ ಈ ದಾರಿ ಬೇರೆಯವರಿಗಿಂತ ಹೆಚ್ಚು ಹತ್ತಿರವಾಗಬೇಕು ಎಂದು ನನಗನಿಸುತ್ತದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ ನಗರ ನಮ್ಮದೇ, ಜೈನರಿಗೆ ಅದು ಮಹಾತೀರ್ಥವಾಗಿತ್ತು. ಈಗ ನಮ್ಮಲ್ಲಿ ಉಳಿದದ್ದು ಬೆಟ್ಟದ ಮೇಲಿನ ಶಾಸನಗಳು, ಗವಿಗಳು, ಹೆಸರು. ಜೀವಂತವಾಗಿ ಉಳಿದದ್ದು ಮೂಡುಬಿದಿರೆಯಲ್ಲಿ. ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ, ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಎರಡೂ ಹಂಪಿಯಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದಾಗ. ಅಬ್ದುರ್ ರಝಾಕ್ ಮಂಗಳೂರಿನಲ್ಲಿ ಇಳಿದಾಗ ಆ ಗೊಮ್ಮಟನಿಗೆ ಬರೇ ಹನ್ನೊಂದು ವರ್ಷ ವಯಸ್ಸು. ಧವಳ, ಜಯಧವಳ, ಮಹಾಧವಳ ಎಂಬ ತಾಳೆಗರಿಯ ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆಯೇ. 1604ರ ಗೊಮ್ಮಟನಿರುವ ವೇಣೂರು ಅಲ್ಲಿಂದ ಸ್ವಲ್ಪವೇ ದೂರ, ಆದರೆ ಒಂದೇ ದಿನ ಇಬ್ಬರು ಗೊಮ್ಮಟರನ್ನು ನೋಡಿದರೆ ಒಬ್ಬನೂ ನೆನಪಿನಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಎಣಿಕೆ. ಕಾರ್ಕಳದ ಬಂಡೆಯ ಮೇಲೆ ಸಂಜೆಯವರೆಗೆ ಕುಳಿತು, ಎದುರಿನ ಚತುರ್ಮುಖ ಬಸದಿಯ ಮೇಲೆ ಬಿಸಿಲು ಇಳಿಯುವುದನ್ನು ನೋಡುವುದೆಂದು ಬರೆದಿದ್ದೇನೆ.

ಆ ರಾತ್ರಿ ಕಾರ್ಕಳದ ಬಳಿ ನನ್ನ ಹಾಸ್ಟೆಲಿನ ಗೆಳತಿಯ ಮನೆ. ಅವರ ಕುಟುಂಬದ ದೈವದ ನೇಮ ಅದೇ ವಾರದಲ್ಲಿ ಬೀಳುವ ಸಂಭವವಿದೆಯೆಂದೂ, ಬಿದ್ದರೆ ನಾವು ಮನೆಯವರಂತೆ ಬರಬೇಕೆಂದೂ ಅವಳು ಕರೆದಿದ್ದಾಳೆ. ಹಾಗೆ ಕರೆಯದೇ ಇದ್ದಿದ್ದರೆ ನೇಮವನ್ನು ನಾನು ಪಟ್ಟಿಗೆ ಸೇರಿಸುತ್ತಲೇ ಇರಲಿಲ್ಲ. ಇತ್ತೀಚೆಗೆ ಕೋಲ ನೋಡಲೆಂದೇ ದೂರದಿಂದ ಬಂದು, ಫೋನುಗಳನ್ನು ಎತ್ತಿ ಹಿಡಿದು, ಬೆನ್ನಿಗೆ ಅಣಿಯ ಅಲಂಕಾರ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು ನಿಂತವರ ಮುಖಕ್ಕೆ ಬೆಳಕು ಬಿಡುವವರ ಬಗ್ಗೆ ಅವಳು ನೊಂದು ಹೇಳಿದ್ದನ್ನು ನಾನು ಮರೆತಿಲ್ಲ. ಅದು ಅವರ ಮನೆಯ ನ್ಯಾಯ, ಕಷ್ಟ, ಹರಕೆಗಳನ್ನು ಹೇಳಿಕೊಳ್ಳುವ ರಾತ್ರಿ. ಪಂಬದ, ಪರವ, ನಲಿಕೆ ಎಂಬ ಸಮುದಾಯಗಳವರು ದಿನಗಟ್ಟಲೆ ನೇಮದ ಕಟ್ಟುಪಾಡಿನಲ್ಲಿದ್ದು ಕಟ್ಟುವ ವೇಷ, ಪಾಡ್ದನವಾಗಿ ಹಾಡುವ ಕಥೆ ಎರಡೂ ನೋಟಕರಿಗಾಗಿ ಹುಟ್ಟಿದವಲ್ಲ. ನಮ್ಮ ಫೋನುಗಳು ಆ ರಾತ್ರಿ ಕಾರಿನಲ್ಲೇ ಇರುತ್ತವೆ ಎಂದು ಮಗಳಿಂದಲೂ ಮಾತು ತೆಗೆದುಕೊಂಡಿದ್ದೇನೆ. ಅವಳು ಅದಕ್ಕೆ ಬದಲಾಗಿ ಕಂಬಳ ಕೇಳಿದ್ದಾಳೆ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತುಗಳನ್ನು ನೋಡಿ ಬೆಳೆದವಳಿಗೆ ಕೆಸರಿನಲ್ಲಿ ಕೋಣಗಳು ಓಡುವುದನ್ನು ನೋಡುವ ಆಸೆ ಸಹಜವೇ. ಶನಿವಾರ ಭಾನುವಾರ ಆ ಸುತ್ತಿನಲ್ಲಿ ಎಲ್ಲಾದರೂ ಜೋಡುಕರೆ, ಅಂದರೆ ಎರಡು ಓಟದ ಗದ್ದೆಗಳ ಕಂಬಳ, ಇದ್ದರೆ ಹೋಗುವ ಏರ್ಪಾಡು ಮಾಡಿದ್ದೇನೆ.

ಒಂಬತ್ತನೆಯ ದಿನ ಮಂಗಳೂರು. ದಾರಿಯಲ್ಲಿ ಮೂಲ್ಕಿಯ ಬಪ್ಪನಾಡು, ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಹೆಸರನ್ನು ಇಂದಿಗೂ ಹೊತ್ತಿರುವ ದುರ್ಗಾಪರಮೇಶ್ವರಿಯ ಸನ್ನಿಧಿ. ಮಂಗಳೂರಿನಲ್ಲಿ ಒಂದೇ ಒಂದು ಜಾಗವನ್ನು ಗುರುತು ಹಾಕಿಕೊಂಡಿದ್ದೇನೆ, ಬಲ್ಮಠದ ಬಾಸೆಲ್ ಮಿಷನ್ನಿನ ಹಳೆಯ ಆವರಣ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಆ ಪತ್ರಿಕೆ ಘಟ್ಟ ಹತ್ತಿ ನಮ್ಮ ಬಳ್ಳಾರಿಗೆ ಬಂತು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಕುದುರೆಗಳ ನಂತರ ಅದೇ ದಿಕ್ಕಿನಿಂದ ಹತ್ತಿ ಬಂದ ಅಕ್ಷರಗಳಿವು. ಕನ್ನಡ ಕಲಿಸುವ ನನಗೆ ಆ ಆವರಣದಲ್ಲಿ ಒಂದು ಗಂಟೆ ನಿಲ್ಲುವುದು ಯಾವ ಕ್ಷೇತ್ರದರ್ಶನಕ್ಕೂ ಕಡಿಮೆಯಲ್ಲ.

ಮರಳುವುದು ಕಾರ್ಕಳ, ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ, ಹರಿಹರದ ದಾರಿಯಲ್ಲಿ. ತೀರ್ಥಹಳ್ಳಿಯಲ್ಲಿ ತುಂಗೆ, ಶಿವಮೊಗ್ಗ ದಾಟಿದ ಮೇಲೆ ಕೂಡಲಿಯಲ್ಲಿ ಭದ್ರೆಯೊಡನೆ ಸೇರಿದ ತುಂಗಭದ್ರೆ, ಹರಿಹರದಲ್ಲಿ ಅದೇ ಹೊಳೆ ಮತ್ತೆ. ಕೊನೆಯ ದಿನವಿಡೀ ನಮ್ಮ ಮನೆಯ ನೀರಿನ ಜೊತೆಯಲ್ಲೇ ಬಂದಂತಾಗುತ್ತದೆ. ದಾರಿ ಉದ್ದ, ಅದಕ್ಕಾಗಿ ಆ ದಿನ ಬೇರೆ ಏನನ್ನೂ ಇಟ್ಟುಕೊಂಡಿಲ್ಲ.

ಉಳಿದುಕೊಳ್ಳಲು ಏಳು ರಾತ್ರಿಗಳ ಕೋಣೆ ಗೊತ್ತಾಗಿದೆ, ಎಲ್ಲ ಕಡೆ ನೆಲಮಹಡಿಯಲ್ಲೇ ಬೇಕೆಂದು ಅತ್ತೆಯ ಸಲುವಾಗಿ ಕೇಳಿ ಬರೆಸಿಕೊಂಡಿದ್ದೇನೆ. ಒಂದು ರಾತ್ರಿ ಗೆಳತಿಯ ಮನೆ. ಉಳಿದದ್ದು ಒಂದು ರಾತ್ರಿ, ಮಂಗಳೂರಿನದು. ಆ ಸಾಲನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಮೇಳಗಳ ಹರಕೆಯಾಟಗಳು ಯಾರದೋ ಮನೆಯ ಗದ್ದೆಯಲ್ಲಿ, ಯಾವುದೋ ಶಾಲೆಯ ಬಯಲಿನಲ್ಲಿ ನಡೆಯುತ್ತವೆ. ಟಿಕೇಟಿಲ್ಲ, ಆಟ ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಹಾಕುತ್ತಾರೆ, ಯಾರು ಬಂದರೂ ಬಯಲಿನಲ್ಲಿ ಜಾಗವಿರುತ್ತದೆ. ಎಲ್ಲಿ ಎಂಬುದನ್ನು ಅಲ್ಲಿಯ ಪತ್ರಿಕೆಗಳು ದಿನದಿನವೂ ಅಚ್ಚು ಹಾಕುತ್ತವೆ. ಈಗ ಹಲವು ಮೇಳಗಳು ಕಾಲಮಿತಿಯ ಆಟ ಆಡುವುದರಿಂದ ನಡುರಾತ್ರಿಯ ಹೊತ್ತಿಗೆ ಮುಗಿಯುವುದೂ ಉಂಟು, ಆದರೂ ಮಗಳು ಬೆಳಗಿನವರೆಗೆ ನಡೆಯುವ ಆಟವೇ ಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮ ಊರಿನ ದೊಡ್ಡಾಟದಲ್ಲಿ ಕೋಳಿ ಕೂಗುವವರೆಗೆ ಕಂಬಳಿ ಹೊದ್ದು ಕುಳಿತ ಅತ್ತೆ ಅವಳ ಪರವಾಗಿದ್ದಾರೆ. ಒಂಬತ್ತನೆಯ ದಿನದ ಬೆಳಗ್ಗೆ ಪತ್ರಿಕೆ ಕೊಂಡು, ಹೆಸರು ಕೇಳದ ಯಾವುದೋ ಒಂದು ಊರನ್ನು ಅದರಲ್ಲಿ ಹುಡುಕಿ, ದಾರಿ ಕೇಳುತ್ತ ಹೋಗುವುದು ಎಂದು ಇಬ್ಬರೂ ಸೇರಿ ಗೊತ್ತುಮಾಡಿದ್ದಾರೆ. ಕಾರಿನ ಹಿಂದಿನ ಸೀಟಿನ ಕೆಳಗೆ ಹಾಸಲು ಒಂದು ಜಮಖಾನ, ಎರಡು ಕಂಬಳಿ ಈಗಲೇ ಕಟ್ಟಿಟ್ಟಾಗಿದೆ.